ಓವಲ್‌ಗೆ ಬಂದ ಆಟ: ಹೆನ್ರಿ ರೆನ್ನಿ-ಟೇಲ್ಯೂರ್ ಪ್ರಕರಣ

ಓವಲ್ ಅಂದರೆ ನಮಗೆ ಚಂದ್ರಶೇಖರ್. 1971ರ ಆಗಸ್ಟ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಆಮೇಲೆ 2007ರಲ್ಲಿ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದದ್ದೂ ಅಲ್ಲೇ. ದಕ್ಷಿಣ ಲಂಡನ್ನಿನ ಕೆನಿಂಗ್ಟನ್ನಿನಲ್ಲಿರುವ ಆ ಅಂಗಳದಲ್ಲಿ ಚಂದ್ರ ಚೆಂಡು ತಿರುಗಿಸುವುದಕ್ಕೆ ತೊಂಬತ್ತೊಂಬತ್ತು ವರ್ಷ ಮೊದಲು, 1872ರ ಫೆಬ್ರವರಿ 5ರ ಸೋಮವಾರ, ನಲವತ್ತು ಗಂಡಸರು ಕೆಸರು ಮೆತ್ತಿಕೊಂಡು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಇಂಗ್ಲೆಂಡ್ ಕಡೆ ಇಪ್ಪತ್ತು, ಸ್ಕಾಟ್ಲೆಂಡ್ ಕಡೆ ಇಪ್ಪತ್ತು. ಜಗತ್ತಿನ ಎರಡನೇ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ಅದು. ಸ್ಕಾಟ್ಲೆಂಡ್ ತಂಡದಲ್ಲಿ ಹೆನ್ರಿ ವಾ ರೆನ್ನಿ-ಟೇಲ್ಯೂರ್ ಎಂಬ ಇಪ್ಪತ್ತೆರಡರ ಸೇನಾಧಿಕಾರಿ ಇದ್ದ.

ಸರಿಯಾಗಿ ನಲವತ್ತು ದಿನ ಕಳೆದು, ಮಾರ್ಚ್ 16ರ ಶನಿವಾರ, ಅದೇ ಹುಲ್ಲಿನ ಮೇಲೆ ಅದೇ ಮನುಷ್ಯ ಮೊಟ್ಟಮೊದಲ ಎಫ್.ಎ. (ಫುಟ್‌ಬಾಲ್ ಅಸೋಸಿಯೇಷನ್) ಕಪ್ ಫೈನಲ್ ಆಡಿದ. ಈ ಬಾರಿ ಫುಟ್‌ಬಾಲ್, ತಂಡಕ್ಕೆ ಹನ್ನೊಂದೇ ಮಂದಿ. ಮರುವರ್ಷ ಮಾರ್ಚ್ 8ರಂದು, ಮತ್ತೆ ಅಲ್ಲೇ, ಸ್ಕಾಟ್ಲೆಂಡ್ ಪರವಾಗಿ ಫುಟ್‌ಬಾಲ್ ಆಡಿ ಗೋಲು ಹೊಡೆದ. ರಗ್ಬಿ ಮತ್ತು ಫುಟ್‌ಬಾಲ್ ಎರಡರಲ್ಲೂ ಸ್ಕಾಟ್ಲೆಂಡನ್ನು ಪ್ರತಿನಿಧಿಸಿದ ಒಬ್ಬನೇ ಆಟಗಾರ ಎಂದು ಅವನ ಹೆಸರು ದಾಖಲೆ ಪುಸ್ತಕಗಳಲ್ಲಿ ಕೂತಿದೆ.

ಇಂಥವರ ಬಗ್ಗೆ ಬರೆಯುವವರೆಲ್ಲ "ರಗ್ಬಿ ಬಿಟ್ಟು ಫುಟ್‌ಬಾಲಿಗೆ ಹೋದ" ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಸಾಲಿನ ಮೇಲೇ ಅನುಮಾನ. ಬಿಟ್ಟದ್ದು ಯಾವಾಗ, ಯಾಕೆ ಎಂಬುದನ್ನು ತಾರೀಕು ಹಿಡಿದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ.

ಮಸ್ಸೂರಿಯ ಸ್ಕಾಟ್

ರೆನ್ನಿ-ಟೇಲ್ಯೂರ್ ಹುಟ್ಟಿದ್ದು 1849ರ ಅಕ್ಟೋಬರ್ 9ರಂದು, ನಮ್ಮ ಮಸ್ಸೂರಿಯಲ್ಲಿ. ತಂದೆ ಬಂಗಾಳ ಎಂಜಿನಿಯರ್ಸ್ ಪಡೆಯ ಅಧಿಕಾರಿ. ಮನೆತನದ ಆಸ್ತಿಪಾಸ್ತಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್ ಪಟ್ಟಣದ ಪಕ್ಕದಲ್ಲಿ. ಓದಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಕಾಲೇಜು, ಆಮೇಲೆ ವುಲ್ವಿಚ್‌ನ ಸೇನಾ ಅಕಾಡೆಮಿ. 1870ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿ ಚಾಟಮ್‌ನಲ್ಲಿ ಬೀಡುಬಿಟ್ಟ. ಚಾಟಮ್ ಇರುವುದು ಕೆಂಟ್ ಪ್ರಾಂತ್ಯದಲ್ಲಿ, ಲಂಡನ್ನಿಗೆ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಈ ಹತ್ತಿರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಅವನು ಸ್ಕಾಟ್ ಹೇಗಾದ? ನಮ್ಮಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ದಾದರ್‌ನಲ್ಲಿ ಹುಟ್ಟಿ ಬೆಳೆದವನೂ "ನಮ್ಮೂರು ಕುಂದಾಪುರ" ಅನ್ನುತ್ತಾನಲ್ಲ, ಹಾಗೆ. ಹುಟ್ಟಿದೂರು ಒಂದು, ಊರು ಇನ್ನೊಂದು.

ರಾಯಲ್ ಎಂಜಿನಿಯರ್ಸ್ ಎಂದರೆ ಸೇತುವೆ ಕಟ್ಟುವ, ಸುರಂಗ ತೋಡುವ, ಕೋಟೆ ಒಡೆಯುವ ಪಡೆ. ಹಲಸೂರು ಕೆರೆಯ ಪಕ್ಕ ಓಡಾಡುವ ಬೆಂಗಳೂರಿಗರಿಗೆ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್ ಎನ್ನುವ ಎಂಜಿನಿಯರ್ ಪಡೆ, ಗೊತ್ತಿರುತ್ತದೆ. ಮದ್ರಾಸ್ ಸ್ಯಾಪರ್ಸ್‌ನ ಬ್ರಿಟಿಷ್ ಅಧಿಕಾರಿಗಳು ಬರುತ್ತಿದ್ದುದು ಇದೇ ರಾಯಲ್ ಎಂಜಿನಿಯರ್ಸ್‌ನಿಂದ. ಒಟ್ಟಿಗೆ ಉಣ್ಣುವ, ಒಟ್ಟಿಗೆ ಕವಾಯತು ಮಾಡುವ, ಮೇಲಿನವರು ಹೇಳಿದ್ದನ್ನು ಪ್ರಶ್ನೆ ಮಾಡದೆ ಮಾಡುವ ಯುವಕರ ಗುಂಪು. ತಂಡ ಕಟ್ಟುವುದಕ್ಕೆ ಇದಕ್ಕಿಂತ ಹದವಾದ ಮಣ್ಣು ಬೇಕೆ?

ಗೋಡೆ ಇನ್ನೂ ಮೊಣಕಾಲೆತ್ತರ

ಇವತ್ತು ರಗ್ಬಿಯೇ ಬೇರೆ, ಫುಟ್‌ಬಾಲೇ ಬೇರೆ. ಚೆಂಡಿನ ಆಕಾರ ನೋಡಿದರೆ ಸಾಕು. 1860ರ ದಶಕದಲ್ಲಿ ಹಾಗಿರಲಿಲ್ಲ. "ಫುಟ್‌ಬಾಲ್" ಎಂಬುದು ಒಂದು ಕುಲನಾಮ, ಅದರೊಳಗೆ ಶಾಲೆಗೊಂದು ಒಳಪಂಗಡ. ರಗ್ಬಿ ಶಾಲೆಯ ನಿಯಮ ಬೇರೆ, ಈಟನ್ನಿನದು ಬೇರೆ, ಹ್ಯಾರೋದ್ದು ಬೇರೆ.

1863ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕೆಲವು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿಕೊಂಡವು. ಎಲ್ಲರಿಗೂ ಒಂದೇ ನಿಯಮ ಮಾಡೋಣ ಎಂದು ಕೂತವರು ಡಿಸೆಂಬರ್ ಹೊತ್ತಿಗೆ ಜಗಳ ಮಾಡಿಕೊಂಡು ಎದ್ದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು ಜಗಳದ ಅರ್ಧ. ಉಳಿದರ್ಧ "ಹ್ಯಾಕಿಂಗ್", ಅಂದರೆ ಎದುರಾಳಿಯ ಮೊಣಕಾಲ ಕೆಳಗಿನ ಮೂಳೆಗೆ ಬೂಟಿನಲ್ಲಿ ಒದೆಯುವ ಹಕ್ಕು. ಬ್ಲ್ಯಾಕ್‌ಹೀತ್ ಕ್ಲಬ್ಬಿನವರಿಗೆ ಒದೆತವಿಲ್ಲದ ಆಟ ಹೆಂಗಸರ ಆಟದಂತೆ ಕಂಡಿತು, ಹೊರನಡೆದರು. ತಮಾಷೆ ಏನೆಂದರೆ 1871ರ ಜನವರಿಯಲ್ಲಿ ಇದೇ ಬ್ಲ್ಯಾಕ್‌ಹೀತ್ ಮುಂತಾದವರು ಸೇರಿ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದಾಗ ತಮ್ಮ ನಿಯಮಗಳಲ್ಲಿ ಹ್ಯಾಕಿಂಗನ್ನು ನಿಷೇಧಿಸಿದರು. ಯಾವುದಕ್ಕಾಗಿ ಮನೆ ಬಿಟ್ಟರೋ ಅದನ್ನೇ ಹೊಸ ಮನೆಯ ಹೊಸ್ತಿಲಲ್ಲಿ ಬಿಸಾಕಿದರು.

ಹೀಗಾಗಿ 1872ರಲ್ಲಿ ಎರಡು ಆಟಗಳ ನಡುವಿನ ಗೋಡೆ ಮೊಣಕಾಲೆತ್ತರದ್ದು. ಯಾರು ಬೇಕಾದರೂ ದಾಟಬಹುದಿತ್ತು, ಮತ್ತೆ ಹಿಂದಕ್ಕೂ ಬರಬಹುದಿತ್ತು. ಲಂಡನ್ನಿನ ಕ್ಲಾಪಮ್ ರೋವರ್ಸ್ ಎಂಬ ಕ್ಲಬ್ಬು ಎರಡನ್ನೂ ಆಡುತ್ತಿತ್ತು, ಒಂದು ವಾರ ಅದು, ಒಂದು ವಾರ ಇದು. ಅದೇ ಕ್ಲಬ್ಬಿನ ರೆಜಿನಾಲ್ಡ್ ಬರ್ಕೆಟ್ 1871ರಲ್ಲಿ ಇಂಗ್ಲೆಂಡಿನ ರಗ್ಬಿ ತಂಡದಲ್ಲಿದ್ದು, 1879ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆದ. ಯಾರೂ ಹುಬ್ಬೇರಿಸಲಿಲ್ಲ.

ಒಂದು ಆಟದ ಕೆಣಕು, ಇನ್ನೊಂದರ ಹುಟ್ಟು

ಸ್ಕಾಟ್ಲೆಂಡ್ ಎಂಬ ರಗ್ಬಿ ತಂಡ ಹುಟ್ಟಿದ್ದೇ ಫುಟ್‌ಬಾಲಿನ ಮೇಲಿನ ಸಿಟ್ಟಿನಿಂದ. ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ 1870ರಿಂದ ಓವಲ್‌ನಲ್ಲಿ "ಇಂಗ್ಲೆಂಡ್ ವಿರುದ್ಧ ಸ್ಕಾಟ್ಲೆಂಡ್" ಎಂದು ಪಂದ್ಯ ನಡೆಸತೊಡಗಿದ್ದ. ಆದರೆ ಸ್ಕಾಟ್ಲೆಂಡ್ ಎಂದು ಕಣಕ್ಕಿಳಿಯುತ್ತಿದ್ದವರು ಬಹುಪಾಲು ಲಂಡನ್ನಿನಲ್ಲೇ ನೆಲೆಸಿದ ಸಾಹೇಬರು. ಊರಿನಲ್ಲಿದ್ದ ರಗ್ಬಿ ಕ್ಲಬ್ಬುಗಳಿಗೆ ಮೈ ಉರಿಯಿತು. 1870ರ ಡಿಸೆಂಬರ್‌ನಲ್ಲಿ ಐದು ಕ್ಲಬ್ಬುಗಳ ನಾಯಕರು ಪತ್ರಿಕೆಯಲ್ಲಿ ಸವಾಲು ಹಾಕಿದರು: ಬನ್ನಿ, ರಗ್ಬಿ ನಿಯಮದಲ್ಲಿ ಇಪ್ಪತ್ತು ಜನರ ಪಂದ್ಯ ಆಡೋಣ.

1871ರ ಮಾರ್ಚ್ 27ರಂದು ಎಡಿನ್‌ಬರೋದ ರೇಬರ್ನ್ ಪ್ಲೇಸ್‌ನಲ್ಲಿ ಆ ಪಂದ್ಯ ನಡೆಯಿತು, ಸುಮಾರು ನಾಲ್ಕು ಸಾವಿರ ಜನ ನೋಡಿದರು, ಸ್ಕಾಟ್ಲೆಂಡ್ ಗೆದ್ದಿತು. ಗೆಲುವಿಗೆ ಕಾರಣವಾದ ಮೊದಲ ಟ್ರೈ ಬಗ್ಗೆ ಇಂಗ್ಲಿಷರು ತಕರಾರು ಎತ್ತಿದರು. ಅಂಪೈರ್ ಆಗಿದ್ದ ಲೊರೆಟ್ಟೊ ಶಾಲೆಯ ಮುಖ್ಯೋಪಾಧ್ಯಾಯ ಆಮಂಡ್ ಆಮೇಲೆ ಬರೆದುಕೊಂಡ ಸಮರ್ಥನೆ ಸ್ವಾರಸ್ಯವಾಗಿದೆ: ಅನುಮಾನ ಬಂದಾಗ ಹೆಚ್ಚು ಗಲಾಟೆ ಮಾಡುವ ತಂಡದ ವಿರುದ್ಧ ತೀರ್ಪು ಕೊಡಬಹುದು, ತಪ್ಪು ಬಹುಶಃ ಅವರದೇ ಇರುತ್ತದೆ. ಮೂವತ್ತು ಮಕ್ಕಳ ತರಗತಿ ನಿಭಾಯಿಸಿದ ಯಾವ ಮೇಷ್ಟ್ರೂ ಈ ಮಾತಿಗೆ ತಲೆದೂಗುತ್ತಾರೆ.

ಇದರ ಮರುಪಂದ್ಯವೇ 1872ರ ಓವಲ್ ಪಂದ್ಯ. ಅಂದಿನ ರಗ್ಬಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕಾದರೆ ಇವತ್ತಿನ ಟಿವಿ ರಗ್ಬಿಯನ್ನು ಮರೆಯಬೇಕು. ಇಪ್ಪತ್ತರಲ್ಲಿ ಹದಿಮೂರು ಹದಿನಾಲ್ಕು ಮಂದಿ ಮುಂಪಡೆ. ಚೆಂಡು ನೆಲಕ್ಕೆ ಬಿದ್ದೊಡನೆ ಎರಡೂ ಕಡೆಯ ಅಷ್ಟೂ ಜನ ಅದರ ಸುತ್ತ ಭುಜಕ್ಕೆ ಭುಜ ಕೊಟ್ಟು ನೂಕುತ್ತಾರೆ. ತೇರು ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡಾಗಿನ ನೂಕಾಟದ ಹಾಗೆ: ಬೆನ್ನುಗಳು ಮಾತ್ರ ಕಾಣುತ್ತವೆ, ಚೆಂಡು ಎಲ್ಲಿದೆಯೆಂದು ಒಳಗಿದ್ದವರಿಗೂ ಗೊತ್ತಿಲ್ಲ. ಚೆಂಡನ್ನು ಹಿಂದಕ್ಕೆ ಬಿಡಿಸಿ ಕೊಡುವುದಲ್ಲ, ಕಾಲಲ್ಲಿ ಮುಂದಕ್ಕೆ ದಬ್ಬಿಕೊಂಡು ಆ ಗುಂಪನ್ನು ಸೀಳುವುದು ಶೂರತನ. ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಅಂಕವಿಲ್ಲ, ಗೋಲಿಗೆ ಒದೆಯಲು ಒಂದು ಅವಕಾಶ ಮಾತ್ರ. "ಟ್ರೈ" ಎಂಬ ಹೆಸರು ಬಂದದ್ದೇ ಹಾಗೆ, ಪ್ರಯತ್ನ ಮಾಡಲು ಪರವಾನಗಿ. ಅಂದು ಇಂಗ್ಲೆಂಡ್ ಗೆದ್ದಿತು. ಸ್ಕಾಟ್ಲೆಂಡ್ ಪಾಲಿಗೆ ದಕ್ಕಿದ್ದು ಒಂದು ಡ್ರಾಪ್ ಗೋಲು (ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದೊಡನೆ ಒದ್ದ ಗೋಲು), ಅದನ್ನು ಹೊಡೆದವನು ಕ್ಯಾತ್‌ಕಾರ್ಟ್.

ಕಾಲಲ್ಲಿ ಚೆಂಡು ದಬ್ಬಿಕೊಂಡು ಹೋಗುವುದೇ ಅಂದಿನ ಫುಟ್‌ಬಾಲಿನ ಮುಖ್ಯ ವಿದ್ಯೆಯೂ ಆಗಿತ್ತು. ಒಬ್ಬ ಚೆಂಡು ಹಿಡಿದು ಸಿಕ್ಕಿಹಾಕಿಕೊಳ್ಳುವವರೆಗೆ ಓಡುತ್ತಾನೆ, ಉಳಿದವರು ಅವನ ಬೆನ್ನಿಗೆ ಓಡುತ್ತಾರೆ. ಏಳೆಂಟು ಮಂದಿ ಮುಂದೆ, ಹಿಂದೆ ಕಾಯುವವರು ಇಬ್ಬರೋ ಮೂವರೋ. ಹಾಗಾಗಿ ರಗ್ಬಿಯಲ್ಲಿ ಪಳಗಿದ ಕಾಲು ಫುಟ್‌ಬಾಲಿನಲ್ಲಿ ಪರದಾಡುತ್ತಿರಲಿಲ್ಲ.

ಒಂದು ಶಿಲಿಂಗಿನ ಫೈನಲ್

ನಲವತ್ತು ದಿನದ ಮೇಲಿನ ಕಪ್ ಫೈನಲ್‌ಗೆ ಪ್ರವೇಶ ದರ ಒಂದು ಶಿಲಿಂಗ್. ಸುಮಾರು ಎರಡು ಸಾವಿರ ಜನ ಬಂದರು. ಗೋಲಿನ ಮೇಲೆ ಅಡ್ಡಪಟ್ಟಿ ಇಲ್ಲ, ಎರಡು ಕಂಬದ ನಡುವೆ ಕಟ್ಟಿದ ದಾರದಂಥ ಟೇಪು. ಪ್ರತಿ ಗೋಲಿಗೂ ತಂಡಗಳು ಕಡೆ ಬದಲಿಸಬೇಕು. ಎದುರಾಳಿ ವಾಂಡರರ್ಸ್ ತಂಡ, ಬಾಜಿ ಕಟ್ಟುವವರ ಲೆಕ್ಕದಲ್ಲಿ ರೆನ್ನಿ-ಟೇಲ್ಯೂರ್‌ನ ಎಂಜಿನಿಯರ್ಸ್ ಗೆಲ್ಲುವ ಕುದುರೆ. ಆಟ ಶುರುವಾಗಿ ಹತ್ತೇ ನಿಮಿಷಕ್ಕೆ ಅವರ ಲೆಫ್ಟಿನೆಂಟ್ ಕ್ರೆಸ್‌ವೆಲ್‌ನ ಕೊರಳೆಲುಬು ಮುರಿಯಿತು. ಬದಲಿ ಆಟಗಾರನೆಂಬ ಪದ್ಧತಿಯೇ ಇಲ್ಲ. ಮುರಿದ ಎಲುಬಿನಲ್ಲೇ ಪಕ್ಕದಲ್ಲಿ ನಿಂತು ಕೊನೆಯವರೆಗೆ ಆಡಿದ. ವಾಂಡರರ್ಸ್ ಪರ ಒಂದೇ ಗೋಲು ಹೊಡೆದವನು ಮಾರ್ಟನ್ ಬೆಟ್ಸ್, ಅದೂ "ಎ. ಎಚ್. ಚೆಕರ್" ಎಂಬ ಸುಳ್ಳು ಹೆಸರಿನಲ್ಲಿ ಆಡುತ್ತಿದ್ದವನು. ರೆನ್ನಿ-ಟೇಲ್ಯೂರ್‌ಗೆ ಸೋಲಿನ ಕಪ್.

ಈ ಎಂಜಿನಿಯರ್ಸ್ ತಂಡದ ವಿಶೇಷವೆಂದರೆ ಅವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಇವತ್ತು ಕೇಳಿದರೆ ನಗು ಬರುತ್ತದೆ, ಪಾಸ್ ಮಾಡುವುದೂ ಒಂದು ವಿಶೇಷವೇ ಎಂದು. ಆಗ ಹೌದು. ಸ್ವಂತ ಚಮತ್ಕಾರ ತೋರಿಸದೆ ಚೆಂಡು ಬಿಟ್ಟುಕೊಡುವುದು ಸಾಹೇಬರ ಮಕ್ಕಳಿಗೆ ಹೊಸದು. ಬ್ಯಾರಕ್ಕಿನಲ್ಲಿ ಜೊತೆಗೆ ಬದುಕುವವರಿಗೆ ಅದು ಸುಲಭವಾಗಿ ಒಗ್ಗಿತು. ಉತ್ತರದಲ್ಲಿ ಗ್ಲ್ಯಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್ಬೂ ಇದೇ ದಾರಿ ಹಿಡಿದಿತ್ತು.

ರೈಲು ಚಾರ್ಜು ಕೊಟ್ಟ ಕ್ಯಾಪ್

ಈಗ ತಾರೀಕುಗಳಿಗೆ ಬರೋಣ, ಪ್ರಕರಣದ ಗಂಟು ಇರುವುದು ಇಲ್ಲೇ.

1872ರ ನವೆಂಬರ್ 30ರಂದು ಮೊದಲ ಅಧಿಕೃತ ಫುಟ್‌ಬಾಲ್ ಅಂತರರಾಷ್ಟ್ರೀಯ ಪಂದ್ಯ ನಡೆಯಿತು, ಗ್ಲ್ಯಾಸ್ಗೋ ಮಗ್ಗುಲಿನ ಪಾರ್ಟಿಕ್‌ನ ಹ್ಯಾಮಿಲ್ಟನ್ ಕ್ರೆಸೆಂಟ್‌ನಲ್ಲಿ. ಸ್ಕಾಟ್ಲೆಂಡ್ ತಂಡವೆಂದರೆ ಪೂರ್ತಿ ಕ್ವೀನ್ಸ್ ಪಾರ್ಕ್. ಲಂಡನ್ ಕಡೆಯಿಂದ ಆರ್ಥರ್ ಕಿನೇರ್ಡ್ ಮತ್ತು ರೆನ್ನಿ-ಟೇಲ್ಯೂರ್ ಬರಬಹುದೆಂದು ನಾಯಕ ಗಾರ್ಡ್ನರ್ ಕಾದಿದ್ದ. ಇಬ್ಬರೂ ಸಿಗಲಿಲ್ಲ. ಪಂದ್ಯ 0-0.

1873ರ ಮಾರ್ಚ್ 3, ಸೋಮವಾರ. ಅದೇ ಹ್ಯಾಮಿಲ್ಟನ್ ಕ್ರೆಸೆಂಟ್‌ನಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿ. ರೆನ್ನಿ-ಟೇಲ್ಯೂರ್ ಆಡಲಿಲ್ಲ. ಐದು ದಿನ ಕಳೆದು ಮಾರ್ಚ್ 8, ಶನಿವಾರ, ಓವಲ್‌ನಲ್ಲಿ ಎರಡನೇ ಫುಟ್‌ಬಾಲ್ ಅಂತರರಾಷ್ಟ್ರೀಯ. ಅದರಲ್ಲಿ ಆಡಿದ.

ಕಾಣುತ್ತಿದೆಯಲ್ಲ? ಗ್ಲ್ಯಾಸ್ಗೋಗೆ ಹೋದ ಆಟ ಯಾವುದಾದರೇನು, ಅವನಿಲ್ಲ. ಓವಲ್‌ಗೆ ಬಂದ ಆಟ ಯಾವುದಾದರೇನು, ಅವನಿದ್ದಾನೆ. 1873ರ ಮಾರ್ಚ್‌ವರೆಗೂ ಅವನು ಯಾವ ಆಟವನ್ನೂ ಬಿಟ್ಟಿರಲಿಲ್ಲ, ಹಿಡಿದೂ ಇರಲಿಲ್ಲ ಎಂದೇ ನನ್ನ ಓದು. ಚಾಟಮ್‌ನಿಂದ ಒಂದು ದಿನದ ರಜೆಯಲ್ಲಿ ಹೋಗಿಬರಬಹುದಾದ ಅಂಗಳಕ್ಕೆ ಯಾವ ಚೆಂಡು ಬಂತೋ ಅದನ್ನು ಆಡಿದ.

ಆ ಫುಟ್‌ಬಾಲ್ ಕ್ಯಾಪ್, ಅಂದರೆ ದೇಶದ ಪರ ಆಡುವ ಅವಕಾಶ, ಸಿಕ್ಕಿದ್ದೂ ಇದೇ ದೂರದ ದೆಸೆಯಿಂದ. ಸ್ಕಾಟಿಷ್ ಫುಟ್‌ಬಾಲ್ ಅಸೋಸಿಯೇಷನ್ ಇನ್ನೂ ಹುಟ್ಟಿರಲಿಲ್ಲ, ಹುಟ್ಟಿದ್ದು ಆ ಪಂದ್ಯವಾದ ಐದನೇ ದಿನ. ಖರ್ಚೆಲ್ಲ ಕ್ವೀನ್ಸ್ ಪಾರ್ಕ್ ತಲೆಯ ಮೇಲೆ. ಹಿಂದಿನ ವರ್ಷ ಕಪ್ ಸೆಮಿಫೈನಲ್‌ಗೆಂದು ಲಂಡನ್ನಿಗೆ ಬಂದಿದ್ದ ಈ ಕ್ಲಬ್ಬು, ಪಂದ್ಯ ಸಮವಾದಾಗ ಮರುಪಂದ್ಯಕ್ಕೆ ಉಳಿಯಲು ದುಡ್ಡಿಲ್ಲದೆ ಹಿಂದೆ ಸರಿದಿತ್ತು. ಈಗ ಇಡೀ ತಂಡಕ್ಕೆ ರೈಲು ಚಾರ್ಜು ಹೊಂದಿಸಲಾಗದೆ ಕೆಲವರನ್ನು ಕಳಿಸಿ, ಉಳಿದ ಜಾಗಕ್ಕೆ ದಕ್ಷಿಣದಲ್ಲೇ ಇದ್ದ ಸ್ಕಾಟರನ್ನು ಸೇರಿಸಿಕೊಂಡಿತು: ಕಿನೇರ್ಡ್, ಎಂಜಿನಿಯರ್ಸ್‌ನ ಬ್ಲ್ಯಾಕ್‌ಬರ್ನ್, ಮತ್ತು ರೆನ್ನಿ-ಟೇಲ್ಯೂರ್.

ಪಂದ್ಯವನ್ನು ಇಂಗ್ಲೆಂಡ್ 4-2ರಿಂದ ಗೆದ್ದಿತು. ಆಟ ಶುರುವಾದ ಒಂದೆರಡು ನಿಮಿಷದಲ್ಲೇ ಇಂಗ್ಲೆಂಡಿನ ವಿಲಿಯಂ ಕೆನ್ಯನ್-ಸ್ಲೇನಿ ಹೊಡೆದದ್ದು ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲಿನ ಮೊಟ್ಟಮೊದಲ ಗೋಲು. ಇಂಗ್ಲೆಂಡ್ 2-0 ಮುಂದಿದ್ದಾಗ ರೆನ್ನಿ-ಟೇಲ್ಯೂರ್ ಹೊಡೆದದ್ದು ಸ್ಕಾಟ್ಲೆಂಡಿನ ಮೊಟ್ಟಮೊದಲ ಗೋಲು. ಕೆನ್ಯನ್-ಸ್ಲೇನಿ ಹುಟ್ಟಿದ್ದು ಗುಜರಾತಿನ ರಾಜಕೋಟೆಯಲ್ಲಿ. ಎರಡೂ ದೇಶಗಳ ಗೋಲಿನ ಖಾತೆ ತೆರೆದವರು ನಮ್ಮ ನೆಲದಲ್ಲಿ ಹುಟ್ಟಿದವರು! ಇದರಿಂದ ನಮ್ಮ ಫುಟ್‌ಬಾಲಿಗೆ ಮೂರು ಕಾಸಿನ ಉಪಯೋಗವಿಲ್ಲ, ಆದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳದೆ ಇರಲಾಗುವುದಿಲ್ಲ.

ನಿಜವಾದ ಬದಲಾವಣೆ

1874ರ ಫೆಬ್ರವರಿ 23. ರಗ್ಬಿ ಪಂದ್ಯ ಮತ್ತೆ ಓವಲ್‌ಗೆ ಬಂತು. ಚಾಟಮ್ ಇದ್ದಲ್ಲೇ ಇದೆ, ರೈಲೂ ಇದೆ. ಸ್ಕಾಟ್ಲೆಂಡಿನ ಇಪ್ಪತ್ತರಲ್ಲಿ ರೆನ್ನಿ-ಟೇಲ್ಯೂರ್ ಹೆಸರಿಲ್ಲ. ಅಂದರೆ ಬಿಟ್ಟದ್ದು 1872ರಲ್ಲಲ್ಲ, 1873ರ ಮಾರ್ಚ್‌ಗೂ ಈ ಪಂದ್ಯಕ್ಕೂ ನಡುವೆ.

ಆ ನಡುವೆ ಏನಾಯಿತು? ಎಂಜಿನಿಯರ್ಸ್ ಫುಟ್‌ಬಾಲ್ ತಂಡ ಗಂಭೀರವಾಯಿತು. 1873ರ ಡಿಸೆಂಬರ್‌ನಲ್ಲಿ ಅವರು ನಾಟಿಂಗ್‌ಹ್ಯಾಮ್, ಡರ್ಬಿ, ಶೆಫೀಲ್ಡ್‌ಗೆ ಹೋಗಿ ಸಾಲಾಗಿ ಪಂದ್ಯ ಆಡಿ ಬಂದರು. ಫುಟ್‌ಬಾಲ್ ತಂಡವೊಂದು ಪ್ರವಾಸ ಹೋದದ್ದು ಅದೇ ಮೊದಲು. ತಂಡದ ಮೇಜರ್ ಮ್ಯಾರಿಂಡಿನ್ 1874ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷನೇ ಆದ. ಆ ವರ್ಷದ ಮಾರ್ಚ್ 14ಕ್ಕೆ ಮತ್ತೊಂದು ಕಪ್ ಫೈನಲ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎದುರು. ಅದನ್ನೂ 2-0ರಿಂದ ಸೋತರು ಅನ್ನುವುದು ಬೇರೆ ಮಾತು. ಫೈನಲ್‌ಗೆ ಮೂರೇ ವಾರ ಇರುವಾಗ ಇಪ್ಪತ್ತು ಜನರ ತಳ್ಳಾಟಕ್ಕೆ ಹೋಗಿ ಕೊರಳೆಲುಬು ಮುರಿದುಕೊಳ್ಳುವುದನ್ನು ಯಾವ ತಂಡ ಒಪ್ಪೀತು? ಕ್ರೆಸ್‌ವೆಲ್‌ನನ್ನು ಕಣ್ಣಾರೆ ಕಂಡವರಲ್ಲವೇ.

ಇನ್ನೂ ಒಂದು ಕಾರಣ ಇದಕ್ಕಿಂತ ತೂಕದ್ದು. ಫುಟ್‌ಬಾಲಿನಲ್ಲಿ ಕಪ್ ಇತ್ತು, ರಗ್ಬಿಯಲ್ಲಿ ಇರಲಿಲ್ಲ. ಒಂದು ಸುತ್ತು ಗೆದ್ದರೆ ಇನ್ನೊಂದು, ಸೋತರೆ ಮನೆ. ಈ ಏಣಿ ವರ್ಷಕ್ಕೊಂದು ಅಂತರರಾಷ್ಟ್ರೀಯ ಪಂದ್ಯಕ್ಕಿಂತ ದೊಡ್ಡ ಸೆಳೆತ. ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿಗೆ ಕಪ್ ಎಂಬುದು ಬಂದದ್ದು 1879ರಲ್ಲಿ, ಅದೂ ಕಲ್ಕತ್ತಾದಿಂದ. ಅಲ್ಲಿನ ರಗ್ಬಿ ಕ್ಲಬ್ಬು ಮುಚ್ಚಿದಾಗ ಸದಸ್ಯರು ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆಸಿ ಕರಗಿಸಿ ಕಪ್ ಮಾಡಿಸಿ ಕಳಿಸಿದರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಅಷ್ಟು ಹೊತ್ತಿಗೆ ನಮ್ಮ ಮಸ್ಸೂರಿಯವನು ಬೇರೆ ಆಟದಲ್ಲಿ ಕಪ್ ಎತ್ತಿ ನಾಲ್ಕು ವರ್ಷವಾಗಿತ್ತು.

ಆ ಕಪ್ 1875ರದ್ದು. ಎದುರಾಳಿ ಓಲ್ಡ್ ಈಟೋನಿಯನ್ಸ್, ಅಂದರೆ ಈಟನ್ ಶಾಲೆಯ ಹಳೆ ವಿದ್ಯಾರ್ಥಿಗಳ ತಂಡ. ಮಾರ್ಚ್ 13ರಂದು ಓವಲ್‌ನಲ್ಲಿ ಜೋರು ಗಾಳಿ. ಗೋಲಿಗೊಮ್ಮೆ ಕಡೆ ಬದಲಿಸುವ ನಿಯಮದ ಪುಣ್ಯದಿಂದ ಎಂಜಿನಿಯರ್ಸ್ ಬಹುಪಾಲು ಹೊತ್ತು ಗಾಳಿಗೆ ಎದುರಾಗಿಯೇ ಆಡಬೇಕಾಯಿತು. ಈಟೋನಿಯನ್ಸ್ ಗೋಲು ಹೊಡೆದರು, ಕಡೆ ಬದಲಾಯಿತು. ಇವರು ಗಾಳಿ ಬೆನ್ನಿಗಿದ್ದ ಸ್ವಲ್ಪ ಹೊತ್ತಿನಲ್ಲೇ ಸಮ ಮಾಡಿದರು, ಮತ್ತೆ ಕಡೆ ಬದಲಾಗಿ ಮತ್ತೆ ಎದುರುಗಾಳಿ. ಆ ಸಮ ಮಾಡಿದ ಗೋಲು ರೆನ್ನಿ-ಟೇಲ್ಯೂರ್‌ನದು. 1-1. ಮೂರು ದಿನದ ಮೇಲೆ ಮರುಪಂದ್ಯದಲ್ಲಿ ಎಂಜಿನಿಯರ್ಸ್ 2-0ರಿಂದ ಗೆದ್ದರು, ಅಲ್ಲೂ ಅವನ ಗೋಲು. ಮ್ಯಾರಿಂಡಿನ್ ಈಟನ್ನಿನ ಹಳೆ ವಿದ್ಯಾರ್ಥಿಯೂ ಹೌದು, ಎಂಜಿನಿಯರ್ಸ್‌ನ ಮೇಜರೂ ಹೌದು. ಯಾರ ಕಡೆ ನಿಂತರೂ ಕಷ್ಟವೆಂದು ಅವನು ಆಡಲೇ ಇಲ್ಲ.

ಆ ಫೈನಲ್‌ಗೆ ಒಂದು ವಾರ ಮೊದಲು ಅದೇ ಓವಲ್‌ನಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ತಂಡ ಇಂಗ್ಲೆಂಡ್ ಎದುರು ಆಡಿ 2-2 ಮಾಡಿತ್ತು. ಫಾರ್ಮಿನ ಉತ್ತುಂಗದಲ್ಲಿದ್ದ ಅವನಿಗೆ ಅದರಲ್ಲಿ ಜಾಗ ಇರಲಿಲ್ಲ. ಅಷ್ಟರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಅಸೋಸಿಯೇಷನ್ ಇತ್ತು, ಊರಿನ ಕ್ಲಬ್ಬುಗಳು ಬೆಳೆದಿದ್ದವು, ದಕ್ಷಿಣದ ಸಾಹೇಬರಿಂದ ತಂಡ ತುಂಬಿಸುವ ದರ್ದು ಹೋಗಿತ್ತು. ಕಿನೇರ್ಡ್‌ಗೂ ಒಂದೇ ಕ್ಯಾಪ್, ಬ್ಲ್ಯಾಕ್‌ಬರ್ನ್‌ಗೂ ಒಂದೇ. ರೆನ್ನಿ-ಟೇಲ್ಯೂರ್‌ಗೆ ಎರಡು ಆಟ ಸೇರಿ ಎರಡು ಪಂದ್ಯ, ಎರಡರಲ್ಲೂ ಸೋಲು, ಎರಡೂ ಲಂಡನ್ನಿನಲ್ಲಿ. ಸ್ಕಾಟ್ಲೆಂಡ್ ಪರ ಸ್ಕಾಟ್ಲೆಂಡಿನ ನೆಲದಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ.

ಗೋಡೆ ಎತ್ತರವಾದ ಮೇಲೆ

ಈ ಪ್ರಕರಣವನ್ನು ಪಕ್ಕಕ್ಕಿಟ್ಟು ನೋಡಲು ಇನ್ನಿಬ್ಬರು ಬೇಕು. ಯಾರ್ಕ್‌ಷೈರಿನ ಜಾನ್ ವಿಲ್ಲಿ ಸಟ್‌ಕ್ಲಿಫ್ 1889ರಲ್ಲಿ ಇಂಗ್ಲೆಂಡ್ ಪರ ರಗ್ಬಿ ಆಡಿದವನು. ಆಟಕ್ಕೆ ದುಡ್ಡು ಕೊಡುತ್ತಾರೆಂಬ ಆರೋಪದ ಮೇಲೆ ಅವನ ಹೆಕ್‌ಮಂಡ್‌ವೈಕ್ ಕ್ಲಬ್ಬನ್ನು ಅಮಾನತು ಮಾಡಿದರು. ಬೋಲ್ಟನ್ ವಾಂಡರರ್ಸ್‌ಗೆ ಹೋಗಿ ಫುಟ್‌ಬಾಲ್ ಗೋಲ್‌ಕೀಪರ್ ಆದ, ಇಂಗ್ಲೆಂಡಿಗೂ ಆಡಿದ. ಅವನನ್ನು ಆಚೆಗೆ ತಳ್ಳಿದ್ದು ಹೊಟ್ಟೆಪಾಡು.

1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ರಗ್ಬಿಯನ್ನೇ ಒಡೆದವು. ಮುಂದೆ ರಗ್ಬಿ ಲೀಗ್ ಎನಿಸಿಕೊಂಡದ್ದು ಈ ಬಣ, ಹಳೆಯ ಬಣದ ಆಟ ರಗ್ಬಿ ಯೂನಿಯನ್. ಕೂಲಿ ಬಿಟ್ಟು ಆಡಲು ಬಂದವನಿಗೆ ಆ ದಿನದ ಸಂಬಳವಾದರೂ ಕೊಡಬೇಡವೇ ಎಂಬುದು ಅವರ ವಾದ. ಅಲ್ಲಿಂದ ಗೋಡೆ ಆಳೆತ್ತರವಾಯಿತು, ಮೇಲೆ ಗಾಜಿನ ಚೂರೂ ಬಂತು. ಹಾವಿಕ್ ಪಟ್ಟಣದ ಡೇವ್ ವ್ಯಾಲೆಂಟೈನ್ 1947ರಲ್ಲಿ ಸ್ಕಾಟ್ಲೆಂಡ್ ಪರ ಎರಡು ರಗ್ಬಿ ಯೂನಿಯನ್ ಪಂದ್ಯ ಆಡಿ, ಅದೇ ಹಡರ್ಸ್‌ಫೀಲ್ಡ್‌ನ ಲೀಗ್ ಕ್ಲಬ್ಬು ಸೇರಿದ. 1954ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕನಾಗಿ ಪ್ಯಾರಿಸ್ಸಿನಲ್ಲಿ ಫ್ರಾನ್ಸನ್ನು 16-12ರಿಂದ ಸೋಲಿಸಿ ಮೊದಲ ರಗ್ಬಿ ಲೀಗ್ ವಿಶ್ವಕಪ್ ಎತ್ತಿದ. ಆದರೆ ಲೀಗ್‌ಗೆ ಹೋದವನಿಗೆ ಯೂನಿಯನ್ ಬಾಗಿಲು ಜೀವಮಾನಕ್ಕೆ ಬಂದ್, ಅದು ಆ ಕಾಲದ ನಿಯಮ. ಯೂನಿಯನ್ ತಾನೂ ದುಡ್ಡಿನ ಆಟವಾಗಲು ಒಪ್ಪಿದ್ದು 1995ರ ಆಗಸ್ಟ್‌ನಲ್ಲಿ. ವ್ಯಾಲೆಂಟೈನ್ ತೀರಿಕೊಂಡು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು.

ರೆನ್ನಿ-ಟೇಲ್ಯೂರ್ ಯಾರ ಕೈಯಿಂದಲೂ ಆಟಕ್ಕೆ ಕಾಸು ಪಡೆಯಬೇಕಾಗಿರಲಿಲ್ಲ. ಸೇನೆಯ ಸಂಬಳವಿತ್ತು, ಬೆನ್ನಿಗೆ ಆಸ್ತಿಯಿತ್ತು. ಅವನು ಗೋಡೆ ದಾಟಿದ್ದರಲ್ಲಿ ಧೈರ್ಯದ ಪಾಲಿಗಿಂತ ಅನುಕೂಲದ ಪಾಲು ಜಾಸ್ತಿ.

ಚೆಂಡಾಟ ಸಾಲದೆಂಬಂತೆ 1873ರಿಂದ 1883ರವರೆಗೆ ಕೆಂಟ್ ಪರ ಪ್ರಥಮ ದರ್ಜೆ ಕ್ರಿಕೆಟ್ ಆಡಿದ. 1880ರಲ್ಲಿ ಎಂಜಿನಿಯರ್ಸ್ ಪರವಾಗಿ ಸಿವಿಲ್ ಸರ್ವಿಸ್ ತಂಡದ ಮೇಲೆ ಔಟಾಗದೆ 331 ರನ್ ಹೊಡೆದ. 1899ರಲ್ಲಿ ಕರ್ನಲ್ ಆಗಿ ಸೇನೆಯಿಂದ ನಿವೃತ್ತನಾದ ಮೇಲೆ ಡಬ್ಲಿನ್ನಿಗೆ ಹೋಗಿ ಗಿನ್ನೆಸ್ ಬಿಯರ್ ಕಂಪನಿ ಸೇರಿ ಅದರ ಮ್ಯಾನೇಜಿಂಗ್ ಡೈರೆಕ್ಟರ್ ಹುದ್ದೆಗೇರಿದ. 1920ರ ಜೂನ್ 15ರಂದು ಮಾಂಟ್ರೋಸ್ ಬಳಿಯ ನ್ಯೂಮನ್ಸ್‌ವಾಲ್ಸ್‌ನಲ್ಲಿ, ಮನೆತನದ ಊರಿನಲ್ಲೇ, ತೀರಿಕೊಂಡ.